ಕಾಲು ಮುಂದಾಗಿ ಹುಟ್ಟಿದವಳ ಬೆನ್ನು

ಅತ್ತೆಯವರಿಗೆ,

ನಿಮ್ಮ ದೊಡ್ಡ ಸೊಸೆಯ ನಮಸ್ಕಾರ. ನಿಮಗೆ ಓದಲು ಬರುತ್ತಿರಲಿಲ್ಲ. ತವರಿನಿಂದ ಕಾಗದ ಬಂದರೆ ನನ್ನನ್ನು ಎದುರಿಗೆ ಕೂರಿಸಿಕೊಂಡು ಓದಿಸುತ್ತಿದ್ದಿರಿ. ನಡುವೆ ನಾನು ಕೆಮ್ಮಿದರೂ ಏನೋ ಮಾತು ನುಂಗಿದಳು ಎಂದು ಅನುಮಾನಪಡುತ್ತಿದ್ದಿರಿ. ಹಾಗಾಗಿ ಇದನ್ನು ಬರೆಯುತ್ತಾ ಒಂದೊಂದು ಸಾಲನ್ನೂ ಬಾಯಿಬಿಟ್ಟು ಓದುತ್ತಿದ್ದೇನೆ. ಮನೆಯಲ್ಲಿ ಈಗ ಯಾರೂ ಇಲ್ಲ. ನಿಮ್ಮ ಮೊಮ್ಮಗ ರವಿ ಶುಂಠಿ ಹೊಲಕ್ಕೆ ಹೋಗಿದ್ದಾನೆ. ಅವನ ಹೆಂಡತಿ ಸವಿತ ಡೈರಿಯಲ್ಲಿದ್ದಾಳೆ. ಅವಳನ್ನು ನೀವು ನೋಡಲಿಲ್ಲ. ಊರಿನ ಹಾಲಿನ ಡೈರಿಗೆ ಅವಳೇ ಸೆಕ್ರೆಟರಿ. ಹಾಲಿಗೆ ನೀರು ಬೆರೆಸಿದವರು ಗಂಡಸರಾದರೂ ಸರಿ, ಅವಳ ಮುಂದೆ ತಲೆ ತಗ್ಗಿಸಿ ನಿಲ್ಲಬೇಕು. ನಿಮಗೆ ಹಿಡಿಸುತ್ತಿದ್ದಳೋ ಇಲ್ಲವೋ.

ಹೊಳೆನರಸೀಪುರದ ಕಡೆಯ ನಮ್ಮೂರಿಗೆ ನೀವು ಹೆಣ್ಣು ನೋಡಲು ಬಂದ ದಿನ ನೆನಪಿದೆಯೇ? ನನ್ನ ಸೋದರತ್ತೆ ಬಾಯಿ ಬಿಗಿ ಹಿಡಿಯಲಾರದೆ, ಹುಡುಗಿ ಕಾಲು ಮುಂದಾಗಿ ಹುಟ್ಟಿದವಳು ಎಂದುಬಿಟ್ಟರು. ಒಳಗಿದ್ದ ನನಗೆ ಅಪ್ಪನ ಮುಖ ಕಾಣುತ್ತಿತ್ತು. ಅಂಥವಳ ಪಾದ ಸೋಕಿದರೆ ಸೊಂಟದ ಹಿಡಿತ ಬಿಡುತ್ತದೆ ಎಂದು ಎಲ್ಲರೂ ಹುಡುಕಿಕೊಂಡು ಬರುತ್ತಾರೆ, ಆದರೆ ಮನೆ ತುಂಬಿಸಿಕೊಳ್ಳಲು ಮಾತ್ರ ಹಿಂಜರಿಯುತ್ತಾರೆ. ಅದಕ್ಕೂ ಮುಂಚೆ ಒಂದು ಸಂಬಂಧ ಹಾಗೆಯೇ ತಪ್ಪಿತ್ತು. ನೀವು ಎಲೆ ಅಡಿಕೆ ಹಾಕಿಕೊಳ್ಳುತ್ತಾ, "ಯಾವ ಕಾಲು ಮೊದ್ಲು ಬಂತು?" ಎಂದು ಕೇಳಿದಿರಿ. ಬಲಗಾಲು ಎಂದರು. "ಅಂಗಾದ್ರೆ ಆಯ್ತು. ನಮ್ಮನೇಲಿ ಎಲ್ರಿಗೂ ಸೊಂಟದ್ದೇ ಕಾಟ. ಇವ್ಳು ಬರ್ಲಿ ಬುಡಿ" ಎಂದಿರಿ. ಮದುವೆ ಮಾತು ಅಲ್ಲಿಗೆ ಮುಗಿಯಿತು. ನನ್ನನ್ನು ನೋಡಿ ಒಪ್ಪಿದಿರೋ, ನನ್ನ ಕಾಲನ್ನೋ, ಕೊನೆಯವರೆಗೂ ಕೇಳುವ ಧೈರ್ಯ ಬರಲಿಲ್ಲ.

ಮದುವೆಯಾಗಿ ಬಂದ ಹೊಸದರಲ್ಲೇ ನೀವು ನಡುಮನೆಯಲ್ಲಿ ಕವುಚಿ ಮಲಗಿ ನನ್ನನ್ನು ಕರೆದಿರಿ. ಅತ್ತೆಯ ಬೆನ್ನಿಗೆ ಕಾಲಿಡುವುದೇ? ನಾನು ಸೆರಗು ಹಿಡಿದುಕೊಂಡು ಅಳುತ್ತಾ ನಿಂತೆ. ನೀವು ನೆಲಕ್ಕೆ ಮುಖ ಹಾಕಿಕೊಂಡೇ ಹೇಳಿದ್ದು ಈಗಲೂ ಕಿವಿಯಲ್ಲಿದೆ: "ಅತ್ತೆ ಬೆನ್ನ್ ಮ್ಯಾಲೆ ಕಾಲಿಡಕ್ಕೆ ಎಷ್ಟ್ ಜನ ಸೊಸೇರು ಕಾಯ್ಕಂಡವ್ರೆ. ನಿಂಗೆ ಕರ್ದು ಕೊಡ್ತಾ ಇವ್ನಿ. ಇಡು." ನಾನು ಪಾದದ ತುದಿ ಸೋಕಿಸಿದೆ. ನೀವು ಎದ್ದು ಹೋಗಿ ಬಾವಿಯಿಂದ ನೀರು ಸೇದಿದಿರಿ. ನೋವು ಬಿಟ್ಟಿತ್ತೋ, ನನಗೆ ಧೈರ್ಯ ತುಂಬಲು ಸೇದಿದಿರೋ, ನಿಮಗೇ ಗೊತ್ತು.

ಆಮೇಲೆ ಭಾನುವಾರ, ಮಂಗಳವಾರ ಬೆಳಿಗ್ಗೆ ನಮ್ಮ ಜಗಲಿ ಖಾಲಿ ಇದ್ದದ್ದೇ ಇಲ್ಲ. ಮಲ್ಲಿಪಟ್ಟಣದಿಂದ, ಅರಕಲಗೂಡಿನಿಂದ ಬರುತ್ತಿದ್ದರು. ಹೊಗೆಸೊಪ್ಪಿನ ಹೊರೆ ಎತ್ತಿ ಸೊಂಟ ಹಿಡಿಸಿಕೊಂಡವರು, ಹೆರಿಗೆಯಾದ ಹೆಂಗಸರು, ಒಂದು ಸಲ ಪೊಲೀಸಿನವರೊಬ್ಬರು. ಯಾರಿಂದಲೂ ಒಂದು ತೆಂಗಿನಕಾಯಿ ಸಹ ಮುಟ್ಟಬಾರದು ಎಂದು ನೀವು ಕಟ್ಟು ಮಾಡಿದಿರಿ. ಕೆರೆಯಾಚೆ ಬೀದಿಯವರು ಬಂದರೆ ಹಿತ್ತಲಿನಲ್ಲಿ ಮಲಗಿಸುತ್ತಿದ್ದಿರಿ. ಅವರು ಎದ್ದು ಹೋದ ಮೇಲೆ ನನ್ನ ಕಾಲಿಗೆ ತಂಬಿಗೆ ನೀರು ಹುಯ್ಯುತ್ತಿದ್ದಿರಿ. ನೀವು ಹೋದ ಮೇಲೂ ಎಲ್ಲ ಹಾಗೆಯೇ ನಡೆಸಿಕೊಂಡು ಬಂದೆ. ಸುಳ್ಳೇಕೆ ಹೇಳಲಿ, ಮೀಸೆ ಹೊತ್ತವರು ಬಂದು ನನ್ನ ಪಾದದ ಬಳಿ ಮಲಗುವುದು ನನಗೆ ಇಷ್ಟವಾಗಿತ್ತು.

ನನ್ನ ಕಾಲಿಗೆ ಏನೋ ಆಗಿದೆ ಎಂದು ಮೊದಲು ಗೊತ್ತಾದದ್ದು ಮಲ್ಲಿಪಟ್ಟಣದ ಒಬ್ಬ ಮುದುಕರಿಂದ. ಎಂದಿನಂತೆ ಪಾದ ಸೋಕಿಸಿದೆ ಎಂದುಕೊಂಡೆ. ಅವರು ಅಯ್ಯೋ ಎಂದು ನರಳಿ, "ಇದೇನವ್ವ, ಎತ್ತು ತುಳ್ದಂಗೆ ತುಳ್ದ್ಬುಟ್ಟೆ" ಎಂದರು. ಜಗಲಿಯಲ್ಲಿದ್ದವರು ನಕ್ಕರು, ನಾನೂ ನಕ್ಕೆ. ಆದರೆ ಒಳಗೆ ಬಂದು ಬಲಗಾಲನ್ನು ಚಿವುಟಿಕೊಂಡಾಗ ಬೇರೆ ಯಾರದೋ ಕಾಲು ಚಿವುಟಿದ ಹಾಗಾಯಿತು. ಮರುವಾರದಿಂದ, ನನಗೆ ವಯಸ್ಸಾಯಿತು, ಇನ್ನು ಯಾರೂ ಬರಬೇಡಿ ಎಂದು ಹೇಳಿ ಕಳುಹಿಸಿದೆ. ಜಗಲಿ ಬರಿದಾಯಿತು.

ಅದಾದ ಮೇಲೆ ಎದೆಯ ಕೆಳಗೆ ಯಾರೋ ದಟ್ಟಿ ಬಿಗಿದು ಕಟ್ಟಿದಂತೆ ಇರುತ್ತಿತ್ತು. ಕಾಲುಗಳು ಒಣಗಿದ ಕೊರಡಿನಂತೆ ಬಿಗಿಯುತ್ತಿದ್ದವು. ಹೊಸಿಲು ದಾಟುವಾಗ ಕಣ್ಣಿನಿಂದ ಕಾಲನ್ನು ನೋಡಿ ಎತ್ತಿಡಬೇಕಾಗಿತ್ತು. ಕತ್ತಲಾದರೆ ನನ್ನ ಕಾಲು ಎಲ್ಲಿದೆ ಎಂದು ನನಗೇ ತಿಳಿಯುತ್ತಿರಲಿಲ್ಲ. ನೀರು ತಡೆದುಕೊಳ್ಳಲಾಗದೆ ಒಮ್ಮೆ ಬಚ್ಚಲಿಗೆ ಹೋಗುವಷ್ಟರಲ್ಲಿ... ಅದನ್ನು ನಿಮ್ಮ ಮುಂದೆಯೂ ಓದಲಾರೆ. ಇಷ್ಟಾದರೂ ಯಾರಿಗೂ ಹೇಳಲಿಲ್ಲ. ಗೋಡೆ ಹಿಡಿದು ಓಡಾಡಿದೆ. ಕಾಲೇನಾದರೂ ನೋಯುತ್ತಿದೆಯೇ ಎಂದು ಸವಿತ ಕೇಳಿದರೆ, ನಿನ್ನ ಡೈರಿ ನೀನು ನೋಡಿಕೋ ಎಂದೆ. ಅವಳು ಮತ್ತೆ ಕೇಳಲಿಲ್ಲ. ಮತ್ತೆ ಕೇಳಲಿ ಎಂದು ನಾನು ಕಾಯುತ್ತಿದ್ದೆ ಎಂದು ಅವಳಿಗೆ ಹೇಗೆ ಗೊತ್ತಾಗಬೇಕು? ನೀವು ಇದ್ದಿದ್ದರೆ ಕೇಳುತ್ತಲೇ ಇರಲಿಲ್ಲ. ಸೀರೆಯ ನೆರಿಗೆ ಎತ್ತಿ ಕಾಲು ನೋಡಿ, ನಡಿ ಡಾಕ್ಟರ ಹತ್ತಿರ ಎನ್ನುತ್ತಿದ್ದಿರಿ. ನಿಮ್ಮ ದೊಡ್ಡ ಮಗನೂ ಹೋದ ಮೇಲೆ ಈ ಮನೆಯಲ್ಲಿ ನನಗಿಂತ ಮೇಲೆ ಯಾರೂ ಇಲ್ಲ ಅತ್ತೆ. ನನಗೆ ನಡಿ ಎನ್ನುವವರು ಯಾರು?

ಹೊಳೆನರಸೀಪುರಕ್ಕೆ ತಮ್ಮನ ಮನೆಗೆ ಹೋದಾಗ ಅಲ್ಲೇ ಒಬ್ಬ ಡಾಕ್ಟರಿಗೆ ತೋರಿಸಿದೆ. ಕಾಲು ಬಿಗಿಯುತ್ತದೆ ಎಂದಷ್ಟೇ ಹೇಳಿದೆ, ಉಳಿದದ್ದನ್ನು ಹೇಳಲು ನಾಲಿಗೆ ಬರಲಿಲ್ಲ. ಮಂಡಿ ಸವೆದಿದೆ ಎಂದು ಮಾತ್ರೆ ಬರೆದುಕೊಟ್ಟರು. ಅರ್ಧ ಹೇಳಿದವಳಿಗೆ ಅರ್ಧ ಔಷಧಿ.

ಆಗಲೇ ನನಗೆ ಬಾಗೂರಿನ ನೆನಪು ಬಂದದ್ದು. ಬಹಳ ಹಿಂದೆ ಬಾಗೂರಿನ ರೈತರೊಬ್ಬರು ಅಷ್ಟು ದೂರದಿಂದ ಸೊಂಟ ಹಿಡಿದುಕೊಂಡು ಬಂದಿದ್ದರು. ನಿಮ್ಮ ಕಡೆ ಯಾರೂ ಇಲ್ಲವೇ ಎಂದು ನೀವು ಕೇಳಿದಿರಿ. ಸಾಕಮ್ಮ ಅಂತ ಒಬ್ಬಳಿದ್ದಾಳೆ, ಆದರೆ ಆ ಬೀದಿಗೆ ನಮ್ಮವರು ಹೋಗಕ್ಕಾಗತ್ತಾ ಎಂದರು. ನೀವೂ ಹೌದಲ್ಲ ಎಂದಿರಿ. ನನ್ನ ಬೆನ್ನಿಗೆ ನನ್ನ ಕಾಲೇ ಎಟುಕುವುದಿಲ್ಲವಲ್ಲ ಅತ್ತೆ. ಚನ್ನರಾಯಪಟ್ಟಣದಲ್ಲಿ ನೆಂಟರ ಮನೆಗೆ ಹೋಗುತ್ತೇನೆ ಎಂದು ಮನೆಯಲ್ಲಿ ಹೇಳಿದೆ. ಬಸ್ಸು ಹತ್ತುವಾಗ ಕಂಡಕ್ಟರ್ ಹುಡುಗಿ ರಟ್ಟೆ ಹಿಡಿದು ಎಳೆದುಕೊಂಡಳು. ಚನ್ನರಾಯಪಟ್ಟಣದಲ್ಲಿ ಇನ್ನೊಂದು ಬಸ್ಸು ಹಿಡಿದು ಬಾಗೂರಿನಲ್ಲಿ ಇಳಿದು, ಆ ಬೀದಿಯ ದಾರಿ ಕೇಳಿದೆ. ದಾರಿ ತೋರಿಸಿದ ಅಂಗಡಿಯವರು ನನ್ನ ಸರ ನೋಡಿದರು, ಸೀರೆ ನೋಡಿದರು.

ಸಾಕಮ್ಮ ನನ್ನ ವಯಸ್ಸಿನವಳೇ. ಬಾಗಿಲಲ್ಲಿ ಕೂತು ಹುಣಸೆಹಣ್ಣು ಬಿಡಿಸುತ್ತಿದ್ದಳು. ಹೆಂಚಿನ ಮನೆ, ಒಳಗೋಡೆಯ ಮೇಲೆ ಬುದ್ಧನ ಪಟ, ನೆಲ ಕನ್ನಡಿಯಂತಿತ್ತು. ನಾನು ಬಂದ ಕೆಲಸ ಹೇಳಿದೆ. ನಾನೂ ಕಾಲು ಮುಂದಾಗಿ ಹುಟ್ಟಿದವಳೇ ಎಂದಾಗ ಅವಳು ಜೋರಾಗಿ ನಕ್ಕಳು. "ಕ್ಷೌರದೋನ್ ತಲೆ ಕ್ಷೌರದೋನೇ ಬೋಳಿಸ್ಕಳಾಕಾಗಕಿಲ್ಲ, ಅಂಗಾಯ್ತು ನಿಮ್ ಕತೆ" ಎಂದಳು. ಆಮೇಲೆ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಅಲ್ಲ ಗೌಡ್ತಮ್ಮ, ನಾನ್ ಕಾಲಿಡದು ನಿಮ್ಮೋರ್ಗೆ ಗೊತ್ತಾದ್ರೆ ಯಾರ್ ಗತಿ?" ಎಂದಳು. ಯಾರಿಗೂ ಗೊತ್ತಾಗುವುದಿಲ್ಲ ಎಂದೆ. "ಅದ್ಸರಿ. ನಿಮ್ಗೆ ಗೊತ್ತಾಯ್ತದಲ್ಲ" ಎಂದಳು. ಚಾಪೆ ಹಾಸಿದಳು. ಟೀ ಕುಡಿಯುತ್ತೀರಾ ಎಂದು ಕೇಳಿದಳು, ಬೇಡ ಎಂದೆ. ಕವುಚಿ ಮಲಗಿದೆ.

ಅಲ್ಲಿ ಮಲಗಿ ಕಾದೆ ಅತ್ತೆ. ಅವಳ ಬಳೆಯ ಸದ್ದು ಕೇಳಿತು, ಸೀರೆ ಸರಿದದ್ದು ಕೇಳಿತು. ಹೊರಗೆ ಕೋಳಿಗಳು ಕೆದಕುತ್ತಿದ್ದವು. ಹಿಂಜರಿಯುತ್ತಿದ್ದಾಳೆ ಎಂದುಕೊಂಡೆ. ನಿಮ್ಮ ಬೆನ್ನ ಮುಂದೆ ನಾನು ನಿಂತಂತೆ ಇವಳೂ ನಿಂತಿರಬೇಕು ಎಂದುಕೊಂಡು, ನನಗೆ ಸಂಕೋಚವಿಲ್ಲ, ಇಡು ತಾಯಿ ಎಂದೆ. ಮತ್ತೆ ಕಾದೆ. ಬಂದದ್ದೇ ಬಂದಿದ್ದೇನೆ, ಇಡಬಾರದೇ ಎಂದು ಸ್ವಲ್ಪ ಗಡುಸಾಗಿಯೇ ಕೇಳಿದೆ.

"ಇಟ್ಟಾಗೈತಲ್ಲಕ್ಕ" ಎಂದಳು ಸಾಕಮ್ಮ. "ಇಟ್ಟು ಎಷ್ಟೊತ್ತಾಯ್ತು. ಈಗ್ಲೂ ಇಟ್ಟೇ ಇವ್ನಿ."

ತಲೆ ಹೊರಳಿಸಿ ನೋಡಿದೆ. ಅವಳ ಪಾದ ನನ್ನ ಸೊಂಟದ ಮೇಲೆಯೇ ಇತ್ತು.

ನನ್ನ ಕಾಲಿಗೆ ಎಷ್ಟು ಬೆನ್ನು ತಿಳಿದಿತ್ತು! ಬಿಸಿ ಬೆನ್ನು, ಬೆವರಿದ ಬೆನ್ನು, ಹೆದರಿ ಬಿಗಿದುಕೊಂಡ ಬೆನ್ನು. ನನ್ನ ಬೆನ್ನಿಗೆ ಒಂದು ಕಾಲು ತಿಳಿಯಲಿಲ್ಲ. ಸಾಕಮ್ಮ ಮೆಲ್ಲಗೆ ಬಂದು ತಲೆಯ ಹತ್ತಿರ ಕೂತಳು. ಇದು ಹಿಡಿತ ಅಲ್ಲ, ನನಗೆ ಭಯ ಆಗುತ್ತಿದೆ, ದೊಡ್ಡಾಸ್ಪತ್ರೆಗೆ ಹೋಗಿ ಎಂದಳು. ಎಬ್ಬಿಸಿ, ಬಸ್ಸಿನವರೆಗೂ ನನ್ನ ಕೈಯನ್ನು ತನ್ನ ಹೆಗಲ ಮೇಲೆ ಹಾಕಿಕೊಂಡು ನಡೆಸಿದಳು. ಬಾಗೂರಿನ ಬೀದಿಯಲ್ಲಿ, ಹಾಡಹಗಲಿನಲ್ಲಿ. ನಾನು ಬೇಡ ಎನ್ನಲಿಲ್ಲ, ಎನ್ನುವ ಸ್ಥಿತಿಯಲ್ಲೂ ಇರಲಿಲ್ಲ.

ಊರಿಗೆ ಬಂದವಳು ನೇರವಾಗಿ ಡೈರಿಗೆ ಹೋದೆ. ಸಂಜೆಯ ಹಾಲು ಹಾಕಲು ಜನ ನಿಂತಿದ್ದರು. ಸವಿತ, ನನಗೆ ಸೊಂಟದಿಂದ ಕೆಳಗೆ ಏನೂ ತಿಳಿಯುತ್ತಿಲ್ಲ ಎಂದೆ, ಎಲ್ಲರ ಮುಂದೆಯೇ. ಮನೆಯಲ್ಲಿ ಹೇಳೋಣ ಎಂದು ಹೋಗಿದ್ದರೆ ಹೊಸಿಲು ದಾಟುವಷ್ಟರಲ್ಲಿ ಮತ್ತೆ ಬಾಯಿ ಮುಚ್ಚಿಕೊಳ್ಳುತ್ತಿದ್ದೆ. ಅವಳು ಕೈಯಲ್ಲಿದ್ದ ಅಳತೆ ಪಾತ್ರೆ ಕೆಳಗಿಟ್ಟಳು. ಏಕೆ ಮುಚ್ಚಿಟ್ಟಿರಿ ಎಂದು ಕೇಳಲಿಲ್ಲ. ಮರುದಿನ ಬೆಳಿಗ್ಗೆ ಹಾಸನದಲ್ಲಿದ್ದೆವು.

ಹಾಸನದ ಆಸ್ಪತ್ರೆಯಲ್ಲಿ ಒಂದು ಕೊಳವೆಯಂಥ ಯಂತ್ರದೊಳಗೆ ನನ್ನನ್ನು ತಳ್ಳಿದರು. ಒಳಗೆ ತಗಡು ಬಡಿದಂಥ ಸದ್ದು. ಆಮೇಲೆ ನರದ ಡಾಕ್ಟರು ಪರದೆಯ ಮೇಲೆ ನನ್ನ ಬೆನ್ನನ್ನು ತೋರಿಸಿದರು. ಬೆನ್ನುಮೂಳೆಯ ಒಳಗೆ ಹಗ್ಗದಂತೆ ಒಂದು ನರದ ಹುರಿ ಇಳಿದಿರುತ್ತದಂತೆ, ಅದರ ಸುತ್ತ ತೆಳ್ಳಗಿನ ಪೊರೆ. ಆ ಪೊರೆಯಲ್ಲಿ ಒಂದು ಗೆಡ್ಡೆ ಬೆಳೆದಿತ್ತು, ಹುಣಸೆಬೀಜಕ್ಕಿಂತ ಸ್ವಲ್ಪ ದೊಡ್ಡದು. ಕ್ಯಾನ್ಸರ್ ಥರ ಕಾಣುತ್ತಿಲ್ಲ ಎಂದರು. ಇದು ಅಪರೂಪ, ಬಂದರೆ ನಿಮ್ಮ ವಯಸ್ಸಿನ ಹೆಂಗಸರಿಗೇ ಹೆಚ್ಚು, ವರ್ಷಗಟ್ಟಲೆ ನಿಧಾನವಾಗಿ ಬೆಳೆಯುತ್ತದೆ, ಮೈಯೆಲ್ಲ ಹರಡುವುದಿಲ್ಲ ಎಂದರು. ರವಿ ನಿರಾಳವಾಗಿ ಉಸಿರು ಬಿಟ್ಟ. ಹಾಗಾದರೆ ಇದ್ದರೆ ಇರಲಿ ಬಿಡಿ ಎಂದೆ ನಾನು. ಡಾಕ್ಟರು ತಲೆಯಾಡಿಸಿದರು. ಗೆಡ್ಡೆ ಕೆಟ್ಟದ್ದಲ್ಲ ಅಮ್ಮ, ಆದರೆ ಅದು ಕೂತಿರುವ ಜಾಗ ಇಕ್ಕಟ್ಟು ಎಂದರು. ಆ ಹುರಿ ಒಂದು ಪಕ್ಕಕ್ಕೆ ಒತ್ತರಿಸಿಕೊಂಡು, ನೂಲೆಳೆಯಂತೆ ಆಗಿಹೋಗಿತ್ತು. ನಾನೇ ನೋಡಿದೆ. ಬಿಟ್ಟರೆ ಕಾಲು ಪೂರ್ತಿ ಹೋಗುತ್ತದೆ. ಆಪರೇಷನ್ ಮಾಡಿದರೆ ಬಹಳ ಮಂದಿ ಮತ್ತೆ ನಡೆಯುತ್ತಾರೆ, ಆದರೆ ತಡವಾಗಿ ಬಂದಿದ್ದೀರಿ, ಕಾಲು ಇನ್ನೂ ಸೋಲುವುದೂ ಉಂಟು, ಮಾತು ಕೊಡಲಾರೆ ಎಂದರು.

ನಿಮ್ಮ ಚಿಕ್ಕಮಗ ಚಂದ್ರಣ್ಣ ಅದನ್ನು ಕೇಳಿ ಮನೆಗೆ ಬಂದು ಪಟ್ಟು ಹಿಡಿದು ಕೂತ. "ಅತ್ಗೆ, ಬೆನ್ನಿಗೆ ಕತ್ತಿ ಆಕುಸ್ಕಂಡೋರು ಎದ್ದಿದ್ ನಾನ್ ನೋಡಿಲ್ಲ. ಗೋಡೆ ಇಡ್ಕಂಡಾದ್ರೂ ಓಡಾಡ್ತಾ ಇದ್ದೀರ, ಇರ ಬುಡಿ" ಎಂದ. ರವಿ ನೆಲ ನೋಡುತ್ತಿದ್ದ. ಎಲ್ಲರೂ ನನ್ನ ಮುಖ ನೋಡಿದರು. ಈ ಮನೆಯಲ್ಲಿ ಮದುವೆ, ಪಾಲು, ಬಾವಿ, ಎಲ್ಲಕ್ಕೂ ಕೊನೆಯ ಮಾತು ನನ್ನದೇ ಅಲ್ಲವೇ? ಆ ದಿನ ಒಬ್ಬರಾದರೂ ನನ್ನ ಪರವಾಗಿ ನಿರ್ಧಾರ ಮಾಡಿದ್ದರೆ ಅವರ ಕಾಲಿಗೆ ಬೀಳುತ್ತಿದ್ದೆ. ಕೊನೆಗೆ ಸವಿತ, "ಗೋಡೆ ಇರೋ ತನಕ ಓಡಾಡ್ತಾರೆ ಚಿಕ್ಕಮಾವ. ಗೋಡೆ ಮುಗಿದ್ಮೇಲೆ?" ಎಂದಳು. ಮಾಡಿಸಿಕೊಳ್ಳುತ್ತೇನೆ ಎಂದೆ.

ಆಪರೇಷನ್ನಿನ ಕೋಣೆಗೆ ಹೋಗುವ ಮುನ್ನ ಒಡವೆ ಬಿಚ್ಚಿಸಿದರು, ಬಳೆ ತೆಗೆಸಿದರು, ಹಸಿರು ಅಂಗಿ ತೊಡಿಸಿದರು. ತಳ್ಳುಗಾಡಿಯ ಮೇಲೆ ಮಲಗಿ ಸೀಲಿಂಗಿನ ದೀಪಗಳನ್ನು ನೋಡುತ್ತಾ ಹೋಗುವಾಗ ನಿಮ್ಮನ್ನು ಕರೆದೆ. ದೇವರನ್ನು ಅಲ್ಲ, ನಿಮ್ಮನ್ನು. ನಿದ್ದೆ ಬರಿಸಿ, ಕವುಚಿ ಮಲಗಿಸಿ, ಮೂಳೆಯ ಹಿಂಬದಿ ಬಿಡಿಸಿ, ಪೊರೆ ಸೀಳಿ, ದೊಡ್ಡ ಕನ್ನಡಕದಂಥ ಯಂತ್ರದಲ್ಲಿ ನೋಡುತ್ತಾ ಗೆಡ್ಡೆಯನ್ನು ಚೂರು ಚೂರಾಗಿ ತೆಗೆದರಂತೆ. ಹುರಿಗೆ ನೋವಾಗುತ್ತಿದೆಯೇ ಎಂದು ತಿಳಿಯಲು ನನ್ನ ಕಾಲಿಗೆ ತಂತಿ ಸಿಕ್ಕಿಸಿದ್ದರಂತೆ. ಎಚ್ಚರವಾದಾಗ ಡಾಕ್ಟರು ಕಾಲಬೆರಳು ಆಡಿಸಿ ಎಂದರು. ಎಡಗಾಲಿನದು ಆಡಿತು. ಬಲಗಾಲಿನದು ಆಡಲಿಲ್ಲ. ನನ್ನ ಹೆಸರು ಮಾಡಿದ ಕಾಲು, ನೀವು ಒಪ್ಪಿದ ಕಾಲು... ಊದಿಕೊಂಡಿದೆ, ಕಾಯೋಣ ಎಂದು ಅವರು ಹೇಳಿದರು. ಎಷ್ಟು ದಿನ ಎಂದು ನಾನು ಕೇಳಲಿಲ್ಲ. ಕೇಳಿದರೆ ಹೇಳಿಬಿಟ್ಟಾರು ಎಂಬ ಹೆದರಿಕೆ.

ವಾರ್ಡಿನಲ್ಲಿ ಮಲಗಿದಲ್ಲೇ ಎಲ್ಲವೂ. ಬೇರೆಯವರ ಕೈಯಿಂದ ಮೈ ಒರೆಸಿಸಿಕೊಳ್ಳಬೇಕು, ಮಗ್ಗುಲು ಬದಲಾಯಿಸಲೂ ಇಬ್ಬರು ಬೇಕು. ಕಸರತ್ತು ಮಾಡಿಸಲು ಬರುತ್ತಿದ್ದ ಹುಡುಗಿ ಮಾತ್ರ ನನ್ನನ್ನು ಬೈಯುತ್ತಿದ್ದಳು. "ಅಜ್ಜಿ, ಮನೇಲಿ ಎಲ್ರನ್ನೂ ಹೆದರಿಸ್ತೀರಂತೆ. ಈ ಹೆಬ್ಬೆಟ್ಟನ್ನ ಹೆದರಿಸಿ ನೋಡೋಣ" ಎನ್ನುತ್ತಿದ್ದಳು. ಅವಳು ಬರುವ ಹೊತ್ತಿಗೆ ಕಾಯುತ್ತಿದ್ದೆ. ನೀವು ಹೋದ ಮೇಲೆ ನನ್ನನ್ನು ಬೈದವರು ಅವಳೊಬ್ಬಳೇ. ಒಂದು ಬೆಳಿಗ್ಗೆ ಬಲಗಾಲಿನ ಹೆಬ್ಬೆಟ್ಟು ಅಲುಗಿತು. ನಾನು ಅಲುಗಿಸಿದ್ದಲ್ಲ, ಅದೇ ಅಲುಗಿದ್ದು ಎಂದು ಅವಳೊಂದಿಗೆ ವಾದ ಮಾಡಿದೆ. ಮತ್ತೆ ಮಾಡಿ ಎಂದಳು. ಮತ್ತೆ ಮಾಡಿದೆ.

ಗೆಡ್ಡೆಯನ್ನು ಪರೀಕ್ಷೆಗೆ ಕಳಿಸಿದ್ದರು, ಕ್ಯಾನ್ಸರ್ ಅಲ್ಲ ಎಂದು ಬಂತು. ಮುಂದೆ ಮತ್ತೆ ಬೆಳೆದಿದೆಯೇ ಎಂದು ನೋಡಲು ಆಗಾಗ ಯಂತ್ರದೊಳಗೆ ಹೋಗಬೇಕು, ಅಷ್ಟೇ. ಮನೆಗೆ ಬಂದ ಮೇಲೆ ನಾಲ್ಕು ಕಾಲಿನ ಕಬ್ಬಿಣದ ಊರುಗೋಲು ಹಿಡಿದು ಕೂಸಿನಂತೆ ಕಲಿತೆ. ಊರಿನವರು ಬಂದು ನೋಡಿ, ಹಣ್ಣಿಟ್ಟು, ಎದ್ದು ಹೋದರು. ಎಲ್ಲರೂ ಬೆನ್ನಿನ ಗಾಯದ ಬಗ್ಗೆ ಕೇಳಿದರು. ಹೆದರಿಕೆಯಾಗಿತ್ತೇ ಎಂದು ಯಾರೂ ಕೇಳಲಿಲ್ಲ. ನನ್ನನ್ನು ಹಾಗೆ ಕೇಳುವ ಅಭ್ಯಾಸ ಯಾರಿಗೂ ಇಲ್ಲ.

ಮೊನ್ನೆ ಸಾಕಮ್ಮ ಬಂದಿದ್ದಳು. ಅವಳ ಮಗಳು ಅರಕಲಗೂಡಿನಲ್ಲಿ ಸರ್ಕಾರಿ ಕೆಲಸದಲ್ಲಿದ್ದಾಳೆ. ಮಗಳ ಮನೆಗೆ ಬಂದವಳು ಊರು ಕೇಳಿಕೊಂಡು ಇಲ್ಲಿಯವರೆಗೂ ಬಂದಿದ್ದಳು. ಅಂಗಳದಲ್ಲೇ ನಿಂತು, "ಎದ್ ಓಡಾಡ್ತಾವ್ರಾ ಅಂತ ನೋಡ್ಕಂಡ್ ಓಗಾನ ಅಂತ ಬಂದೆ. ಅವತ್ತಿಂದ ನಿದ್ದೆ ಇಲ್ಲ ಕಣಕ್ಕ ನಂಗೆ, ಎಷ್ಟ್ ಎದ್ರಿದ್ದೆ" ಎಂದಳು. ಒಳಗೆ ಬಾ ಎಂದೆ. ಇಲ್ಲೇ ಕೂರುತ್ತೇನೆ ಎಂದಳು. ಬಾಗೂರಿನ ಸಾಕಮ್ಮ ಇವಳೇ ಎಂದು ಸವಿತಳಿಗೆ ಹೇಳಿ, ನಡುಮನೆಯಲ್ಲಿ ಚಾಪೆ ಹಾಸು ಎಂದೆ. ಸವಿತ ಒಂದು ಗಳಿಗೆ ನನ್ನ ಮುಖ ನೋಡಿದಳು, ಆಮೇಲೆ ಹೊಸ ಚಾಪೆ ತಂದು ಹಾಸಿದಳು. ಹೌದು ಅತ್ತೆ, ನೀವು ಕವುಚಿ ಮಲಗಿದ್ದ ಅದೇ ನಡುಮನೆ.

ಮುದ್ದೆ, ಅವರೆಕಾಳಿನ ಸಾರು ಆಗಿತ್ತು. ಊರುಗೋಲು ಹಿಡಿದರೆ ಕೈಯಲ್ಲಿ ತಟ್ಟೆ ಹಿಡಿಯಲಾಗುವುದಿಲ್ಲ. ಅದನ್ನು ಒಲೆಯ ಪಕ್ಕ ಬಿಟ್ಟು, ಎರಡೂ ಕೈಯಲ್ಲಿ ತಟ್ಟೆ ಹಿಡಿದು ಅಡುಗೆಮನೆಯಿಂದ ಹೊರಟೆ. ಏನೂ ಹಿಡಿಯದೆ ನಡೆದದ್ದು ಅದೇ ಮೊದಲು. ಸಾಕಮ್ಮ ತಟ್ಟೆ ನೋಡಲಿಲ್ಲ, ನನ್ನ ಪಾದಗಳನ್ನೇ ನೋಡುತ್ತಿದ್ದಳು. "ಮುದ್ದೆ ಬಿದ್ರೆ ಬೀಳ್ಲಿ ಕಣಕ್ಕ, ನೀನ್ ಬೀಳ್ಬ್ಯಾಡ" ಎಂದಳು. ಎರಡೂ ಬೀಳಲಿಲ್ಲ. ಊಟ ಮಾಡುತ್ತಾ, ಸಾರಿಗೆ ಉಪ್ಪು ಕಮ್ಮಿ ಎಂದಳು. ನಮ್ಮ ಮನೆಯಲ್ಲಿ ಉಂಡು ಹಾಗೆ ಹೇಳಿದವರು ಯಾರಿದ್ದಾರೆ? ಸವಿತ ಬಾಯಿಗೆ ಸೆರಗು ಹಿಡಿದು ನಕ್ಕಳು. ಊಟವಾದ ಮೇಲೆ ಸಾಕಮ್ಮ ತನ್ನ ತಟ್ಟೆ ತಾನೇ ಎತ್ತಲು ಹೋದಳು, ಅಲ್ಲೇ ಬಿಡು ಎಂದೆ.

ಅವಳು ಹೋದ ಮೇಲೆ ನಾನು ನಡುಮನೆಯಲ್ಲೇ ನಿಂತಿದ್ದೆ. ನೀವು ಏನಾದರೂ ಹೇಳಬೇಕಿತ್ತು. ನೀವು ಬೈದರೆ ಏನು ಹೇಳಬೇಕೆಂದು ಸಾರು ಬಡಿಸುವಾಗಲೇ ಯೋಚಿಸಿಟ್ಟುಕೊಂಡಿದ್ದೆ. ನೀವಿದ್ದಷ್ಟು ಕಾಲ ನಿಮಗೆ ಎದುರಾಡಿದವಳಲ್ಲ ನಾನು, ಆ ದಿನ ಎದುರಾಡಿಬಿಡುತ್ತಿದ್ದೆ. ಆ ಮಾತುಗಳು ಇನ್ನೂ ನನ್ನಲ್ಲೇ ಇವೆ.

ಸಾಕಮ್ಮನ ತಟ್ಟೆ ತೆಗೆಯಲು ಸವಿತ ಬಂದಳು. ನಾನೇ ತೆಗೆಯುತ್ತೇನೆ ಎಂದೆ. ಇನ್ನು ಬಗ್ಗಬಹುದು ಎಂದು ಡಾಕ್ಟರು ಹೇಳಿ ಬಹಳ ದಿನವಾಗಿತ್ತು, ನನಗೇ ಧೈರ್ಯ ಸಾಲದೆ ಬಿಟ್ಟಿದ್ದೆ. ಅವಳು ಕೈ ಚಾಚಿ ಪಕ್ಕದಲ್ಲೇ ನಿಂತಳು. ಬಗ್ಗಿದೆ. ಬಗ್ಗಲು ಬಂತು ಅತ್ತೆ.